ಜಾಲಹಳ್ಳಿಯ ವಾಲ್ವು, ಜೋಡಿ ಆಂಪ್ಲಿಯ ಗಿಟಾರು

ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾದ ಕಾಲಕ್ಕೆ ಶಿರಾಳಕೊಪ್ಪ, ಆನವಟ್ಟಿ, ಸೊರಬದ ಕಡೆ ಅನುಕೂಲಸ್ಥರ ಮನೆಯಲ್ಲಿದ್ದದ್ದು ವಾಲ್ವ್ ರೇಡಿಯೋ. ಗುಂಡಿ ತಿರುಗಿಸಿ ಸ್ವಲ್ಪ ಹೊತ್ತು ಕಾಯಬೇಕು; ಒಳಗಿನ ಗಾಜಿನ ವಾಲ್ವ್‌ಗಳು ಬಿಸಿಯೇರಿದ ಮೇಲೆಯೇ ದನಿ. ಅಂಥ ವಾಲ್ವ್‌ಗಳು ಬೆಂಗಳೂರಿನಲ್ಲೂ ತಯಾರಾಗುತ್ತಿದ್ದವು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಜಾಲಹಳ್ಳಿಯ ಬಿಇಎಲ್, 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಗೆ ಕೈಹಾಕಿತು. ಅದರಲ್ಲೊಂದು ಇಎಲ್84. ರೇಡಿಯೋದ ಕೊನೆಯ ಹಂತದಲ್ಲಿ ಕೂತು ಸ್ಪೀಕರನ್ನು ದುಡಿಸುವುದು ಅದರ ಕೆಲಸ. ಇಂಗ್ಲೆಂಡಿನ ಹೆಸರಾಂತ ಗಿಟಾರ್ ಆಂಪ್ಲಿ ವಾಕ್ಸ್ ಎಸಿ30ರಲ್ಲಿ ಇದೇ ಜಾತಿಯ ವಾಲ್ವ್‌ಗಳು ನಾಲ್ಕಿವೆ. ಬಿಇಎಲ್ ಮುದ್ರೆಯ ಇಎಲ್84 ಎಲ್ಲಿ ಸಿಕ್ಕೀತು ಎಂದು ಹೊರದೇಶದ ಗಿಟಾರ್ ವಾದಕರು ಈಗಲೂ ಹುಡುಕುತ್ತಾರೆ.

ಅವರಿಗೆ ಈ ಹಳೇ ಸಾಮಾನು ಯಾಕೆ ಬೇಕು? ಗಿಟಾರಿನ ತಂತಿ ಮೀಟಿದಾಗ ಹೊರಡುವ ವಿದ್ಯುತ್ತು ತೀರ ಕ್ಷೀಣ. ಇಸಿಸಿ83 ಎಂಬ ಪುಟ್ಟ ವಾಲ್ವ್ ಅದನ್ನು ಹಿಗ್ಗಿಸುತ್ತದೆ. ಅಂಥ ಹಂತಗಳನ್ನು ಮೂರೋ ನಾಲ್ಕೋ ಸಾಲಾಗಿ ಜೋಡಿಸಿದರೆ ಅಲೆಯ ತುದಿ ಮೊಂಡಾಗಿ ದನಿ ಒಡೆಯುತ್ತದೆ. ಮೈಕ್‌ಸೆಟ್‌ನವರು ದೋಷವೆಂದು ತಿದ್ದುವ ಆ ಒಡಕನ್ನೇ ಹೆವಿ ಮೆಟಲ್ ವಾದಕರು ಬೇಕೆಂದು ಬರಿಸಿ, ಪಳಗಿಸಿ, ಸಂಗೀತವಾಗಿಸಿದ್ದಾರೆ. ಹೈ-ಗೇನ್ ಎಂದರೆ ಇದು. ಮಾರ್ಷಲ್ ಆಂಪ್ಲಿಗಳಲ್ಲಿ ಹೆಚ್ಚಾಗಿ ಇರುವ ಇಎಲ್34 ವಾಲ್ವ್‌ನಲ್ಲಿ ನಡುವಿನ ಸ್ವರಗಳು ಮುಂದೆ ಬಂದು ನಿಲ್ಲುತ್ತವೆ. ಮೆಸಾ ಬೂಗಿ ಕಂಪನಿಯ ಡ್ಯುಯಲ್ ರೆಕ್ಟಿಫೈಯರ್ ಆಂಪ್ಲಿಯಲ್ಲಿರುವುದು 6ಎಲ್6. ಅದರ ದನಿಗೆ ತಳ ಹೆಚ್ಚು.

ಇಂಥ ಎರಡು ಆಂಪ್ಲಿಗಳನ್ನು ಒಟ್ಟಿಗೆ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಇಟ್ಟು ನುಡಿಸುವುದೇ ಜೋಡಿ ಆಂಪ್ಲಿಯ ವಿದ್ಯೆ. ಸದ್ದು ಹೆಚ್ಚಲೆಂದು ಇದನ್ನು ಮಾಡುವುದಿಲ್ಲ. 100 ವ್ಯಾಟ್‌ನ ಪಕ್ಕ ಇನ್ನೊಂದು 100 ವ್ಯಾಟ್ ಇಟ್ಟರೆ ಏರುವುದು ಸುಮಾರು 3 ಡೆಸಿಬಲ್, ಅಷ್ಟೇ. ಸಿಗುವುದು ದನಿಯ ಅಗಲ. ಹೆವಿ ಮೆಟಲ್‌ನ ಐರನ್ ಮೇಡನ್ ತಂಡದಲ್ಲಿ ಮೂವರು ಗಿಟಾರ್ ವಾದಕರಿದ್ದಾರೆ. 2007ರ ಮಾರ್ಚ್ 17ರಂದು ಬೆಂಗಳೂರು ಅರಮನೆ ಮೈದಾನದಲ್ಲಿ ಅವರು ನುಡಿಸಿದಾಗ ಆ ಅಗಲ ಮೂವರು ವಾದಕರಿಂದಲೇ ಬಂತು. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿದ ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ತಂಡದಲ್ಲೂ ಗಿಟಾರು ಎರಡು. ಒಬ್ಬನೇ ಗಿಟಾರ್ ವಾದಕನಿರುವ ತಂಡಕ್ಕೆ ಆ ತುಂಬು ದನಿ ಬೇಕಾದರೆ ಜೋಡಿ ಆಂಪ್ಲಿಯೇ ದಾರಿ.

ಆದರೆ ಒಂದು ಗಿಟಾರಿನಿಂದ ಎರಡು ಆಂಪ್ಲಿಗೆ ವೈರು ಎಳೆದ ಕೂಡಲೇ ಗುಂಯ್ ಎಂಬ ಸದ್ದು ಎದುರಾಗುತ್ತದೆ. ಎರಡಕ್ಕೂ ಗೋಡೆಯಿಂದ ಅರ್ಥ್ ಬಂದಿದೆ. ಗಿಟಾರಿನ ವೈರು ಅವುಗಳ ನಡುವೆ ಇನ್ನೊಂದು ದಾರಿ ಮಾಡಿ ಸುತ್ತು ಪೂರ್ತಿಯಾಗುತ್ತದೆ. ನಮ್ಮ ಲೈನಿನ 50 ಹರ್ಟ್ಸ್ ಕರೆಂಟು ಆ ಸುತ್ತಿನೊಳಗೆ ಸೇರಿಕೊಂಡರೆ ಹೈ-ಗೇನ್ ಅದನ್ನೂ ಹಿಗ್ಗಿಸುತ್ತದೆ. ಕೆಲವರು ಪ್ಲಗ್ಗಿನ ಅರ್ಥ್ ಪಿನ್ನು ಕಿತ್ತು ಸದ್ದು ನಿಲ್ಲಿಸುತ್ತಾರೆ. ದಯವಿಟ್ಟು ಇದನ್ನು ಯಾರೂ ಮಾಡಬಾರದು. ಒಳಗೆ 400 ವೋಲ್ಟ್ ಇರುವ ಪೆಟ್ಟಿಗೆ ಕೆಟ್ಟರೆ ಆ ಕರೆಂಟು ಗಿಟಾರಿನ ತಂತಿಗೆ, ತಂತಿಯಿಂದ ಕೈಗೆ ಬರುತ್ತದೆ. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟು, ದನಿಯನ್ನು ಕವಲೊಡೆಸುವ ಪೆಟ್ಟಿಗೆಯಲ್ಲಿ ಒಂದು ಕವಲಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುವುದೇ ಸರಿಯಾದ ಪರಿಹಾರ.

ಆಮೇಲೆ ಫೇಸ್. ಒಂದು ಆಂಪ್ಲಿಯ ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದರದ್ದು ಹಿಂದೆ ಎಳೆದರೆ ಬೇಸ್ ಮಾಯ. ಪ್ಲಸ್, ಮೈನಸ್ ಅದಲುಬದಲಾದ ಬಾಕ್ಸುಗಳನ್ನು ಗಣಪತಿ ಹಬ್ಬದಲ್ಲಿ ಕಂಡವರಿಗೆ ಇದು ಗೊತ್ತು. ಫೇಸ್ ಸ್ವಿಚ್ ಹಾಕಿ, ತಳ ತುಂಬಿ ಕೇಳುವ ಕಡೆಗೆ ಬಿಡಬೇಕು.

ಇನ್ನೂ ಅಗಲ ಬೇಕೆನ್ನುವವರು ಒಂದು ಬದಿಯ ದನಿಯನ್ನು ಚೂರು ತಡಮಾಡುತ್ತಾರೆ. ಸುಮಾರು 30 ಮಿಲಿಸೆಕೆಂಡಿನೊಳಗೆ ಹಿಂದೆಮುಂದೆ ಬಂದ ಎರಡು ದನಿಯನ್ನು ಕಿವಿ ಒಂದೆಂದೇ ಗ್ರಹಿಸುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ್ದರು. ನಮ್ಮ ಊರುಗಳ ಪೆಂಡಾಲಿನಲ್ಲಿ ಮಾತ್ರ ಇದು ಕೈಕೊಡಬಹುದು. ಎಡಬಲ ಎರಡನ್ನೂ ಸೇರಿಸಿ ಎಲ್ಲ ಬಾಕ್ಸಿಗೂ ಒಂದೇ ದನಿ ಬಿಟ್ಟರೆ, ತಡವಾದ ದನಿ ಮೊದಲಿನದನ್ನು ಅಲ್ಲಲ್ಲಿ ಅಳಿಸಿ ಗಿಟಾರು ಟೊಳ್ಳಾಗಿ ಕೇಳುತ್ತದೆ. ಅಂಥಲ್ಲಿ ತಡ ಬೇಡ. ಬೇರೆ ಬೇರೆ ಗುಣದ ಎರಡು ಆಂಪ್ಲಿ ಸಾಕು. ನನಗಂತೂ ಅದೇ ಹೆಚ್ಚು ಇಷ್ಟ.

ಇದಕ್ಕೆ 100 ವ್ಯಾಟ್‌ನ ಪೆಟ್ಟಿಗೆಗಳೇ ಆಗಬೇಕೆಂದಿಲ್ಲ. ಮೆಸಾದ ಮಿನಿ ರೆಕ್ಟಿಫೈಯರ್ 25 ವ್ಯಾಟ್‌ನದು, ಅದರಲ್ಲಿರುವುದು ಎರಡೇ ಇಎಲ್84. ಸಭಾಭವನವೊಂದಕ್ಕೆ ಅಂಥ ಜೋಡಿ ಧಾರಾಳ. ಆರ್ಕೆಸ್ಟ್ರಾ, ಮದುವೆಗೆ ಸೌಂಡ್ ಹಾಕುವ ಶಿರಾಳಕೊಪ್ಪದ ಹುಡುಗರಿಗೆ ಅರ್ಥಿಂಗ್ ಗೊತ್ತು, ಫೇಸ್ ಗೊತ್ತು. ಈ ವಿದ್ಯೆಯ ಅರ್ಧ ಭಾಗ ಅವರ ಕೈಯಲ್ಲಾಗಲೇ ಇದೆ. ಹೊಸದಾಗಿ ನೆನಪಿಡಬೇಕಾದದ್ದು ಒಂದು: ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಯನ್ನು ಎಂದೂ ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ನಿಮ್ಮ ಅಟ್ಟದ ಮೇಲೆ ಹಳೇ ವಾಲ್ವ್ ರೇಡಿಯೋ ಇದ್ದರೆ ಗುಜರಿಗೆ ಹಾಕಬೇಡಿ. ಕುತೂಹಲಕ್ಕೆಂದು ಪ್ಲಗ್ಗಿಗೂ ಹಾಕಬೇಡಿ. ಬಲ್ಲ ರಿಪೇರಿಯವರ ಹತ್ತಿರ ಒಯ್ದು, ವಾಲ್ವ್‌ನ ಗಾಜಿನ ಮೇಲೆ ಬಿಇಎಲ್ ಎಂದಿದೆಯೇ ನೋಡಿಸಿ.