ಸೆಲ್ಫ್ ಎತ್ತದ ಬೈಕು, ಬ್ಯಾಟರಿಯ ಮೇಲಿನ ಅಪವಾದ

ಹಾಸನದಿಂದ ಬೇಲೂರು ರಸ್ತೆ ಹಿಡಿದು ದೊಡ್ಡಗದ್ದವಳ್ಳಿಗೆ ತಿರುಗಿಕೊಂಡರೆ ಕೆರೆಯ ಪಕ್ಕದಲ್ಲೇ ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಅಂಚು ಇದು. ಇಲ್ಲಿಂದ ಪಡುವಲಿಗೆ ಆಲೂರು, ಸಕಲೇಶಪುರ, ಬಿಸಿಲೆಯ ತನಕ ಮಣ್ಣುದಾರಿ ಇಷ್ಟಪಡುವವರಿಗೆ ದಾರಿಗೇನೂ ಬರವಿಲ್ಲ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ ಬಂದ ಮೇಲಂತೂ ಇಂಥ ಸವಾರಿ ದುಡ್ಡಿದ್ದವರ ಹವ್ಯಾಸವಾಗಿ ಉಳಿದಿಲ್ಲ. ತೋಟದ ಮೇಸ್ತ್ರಿಯೂ ಅದೇ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. (ತೋಟದವರ ಒಪ್ಪಿಗೆ ಇರುವ ದಾರಿಯ ಮಾತಿದು. ಅಪ್ಪಣೆಯಿಲ್ಲದೆ ಮೀಸಲು ಅರಣ್ಯಕ್ಕೆ ಬೈಕ್ ನುಗ್ಗಿಸುವುದು ಅಪರಾಧ.)

ಆಲೂರು, ಬೇಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಓಡಾಡುವುದು ಈಗ ಸುದ್ದಿಯೇ ಅಲ್ಲ. ಹೊತ್ತು ಮುಳುಗಿದ ಮೇಲೆ ಅಂಥ ಕಡೆ ಬೈಕ್ ನಿಂತುಹೋದರೆ ಅದು ಬರೀ ಕಿರಿಕಿರಿಯಲ್ಲ, ಪ್ರಾಣಭಯ. ಆದರೂ ಬ್ಯಾಟರಿ ಬದಲಿಸುವ ಹೊತ್ತಿಗೆ ನಮ್ಮವರು ನೆಚ್ಚುವುದು ಅಂಗಡಿಯವನ ಮಾತನ್ನು, ಗೆಳೆಯನ ಸಲಹೆಯನ್ನು, ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು.

ತಪ್ಪು ಕಲ್ಪನೆ: ಸೆಲ್ಫ್ ಎತ್ತುತ್ತಿಲ್ಲ ಅಂದರೆ ಬ್ಯಾಟರಿ ಹೋಯಿತು.

ವಾಸ್ತವ: ಹೋಗಿರಬಹುದು. ಹಾಗೆಂದು ಹೊಸದನ್ನು ತಂದು ಕೂರಿಸಿದವರಲ್ಲಿ ಕೆಲವರು ಎರಡೇ ತಿಂಗಳಿಗೆ ಮತ್ತೆ ಅದೇ ಅಂಗಡಿಯ ಮುಂದೆ ನಿಂತಿರುತ್ತಾರೆ. ಕಲ್ಲುದಾರಿಯ ಕುಲುಕಾಟಕ್ಕೆ ಮೊದಲು ಸಡಿಲವಾಗುವುದು ಟರ್ಮಿನಲ್ ಸ್ಕ್ರೂ. ಅದರ ಹಿಂದೆ ಚಾಸಿಗೆ ಕಟ್ಟಿದ ಅರ್ತಿಂಗ್ ವೈರಿನ ಬುಡಕ್ಕೆ ತುಕ್ಕು. ಸೆಲ್ಫ್ ಮೋಟರು ಆ ಕ್ಷಣಕ್ಕೆ ಐವತ್ತು, ಎಪ್ಪತ್ತು ಆಂಪಿಯರ್ ಎಳೆಯುತ್ತದೆ. ಸಡಿಲ ಸ್ಕ್ರೂವಿನ ಮೂಲಕ ಅಷ್ಟು ಕರೆಂಟ್ ಹರಿಯುವುದಿಲ್ಲ, ‘ಟಕ್ ಟಕ್’ ಸದ್ದು ಮಾತ್ರ ಬರುತ್ತದೆ.

ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ಮೂರು ಅಳತೆ ತೆಗೆಯಬಹುದು. ಸವಾರಿ ಮುಗಿಸಿ ಬಂದ ಕೂಡಲೇ ಅಳೆಯಬೇಡಿ, ಆಗ ಅಂಕಿ ಸುಳ್ಳು ಹೇಳುತ್ತದೆ. ರಾತ್ರಿಯಿಡೀ ನಿಂತ ಬೈಕಿನಲ್ಲಿ ಸೀಲ್ ಆದ ಸೀಸದ ಬ್ಯಾಟರಿ 12.7 ವೋಲ್ಟಿನ ಆಸುಪಾಸು ತೋರಿಸಿದರೆ ತುಂಬಿದೆ ಎಂದು ಲೆಕ್ಕ. 12.4ಕ್ಕೆ ಇಳಿದಿದ್ದರೆ ಚಾರ್ಜಿಗೆ ಹಾಕಬೇಕು, 12ಕ್ಕೆ ಬಂದಿದ್ದರೆ ಬಹುಪಾಲು ಖಾಲಿ. ಎರಡನೆಯದು ಸೆಲ್ಫ್ ಒತ್ತಿ ಹಿಡಿದಾಗಿನ ಅಳತೆ. ಚೆನ್ನಾಗಿ ಚಾರ್ಜಾಗಿದ್ದ ಬ್ಯಾಟರಿಯೂ ಆಗ 9.5ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಸ್ಸು ಮುಗಿದಿದೆ. ಮೂರನೆಯದೇ ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ: ಎಂಜಿನ್ ಓಡುತ್ತಿರುವಾಗ, ಸ್ವಲ್ಪ ರೇಸ್ ಕೊಟ್ಟು ನೋಡಿದರೆ 13.8ರಿಂದ 14.6ರ ನಡುವೆ ಇರಬೇಕು. 13ರ ಹತ್ತಿರವೇ ಕೂತಿದ್ದರೆ ಚಾರ್ಜ್ ಮಾಡುವ ಕಾಯಿಲು, ರೆಗ್ಯುಲೇಟರ್ ಅಥವಾ ವೈರಿಂಗ್ ಕಡೆ ದೋಷವಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ. ಈ ಮೂರನೆಯ ಅಳತೆ ಸರಿಯಿಲ್ಲದ ಬೈಕಿಗೆ ಎಷ್ಟು ಒಳ್ಳೆಯ ಬ್ಯಾಟರಿ ತಂದು ಹಾಕಿದರೂ ದುಡ್ಡು ದಂಡ.

ತಪ್ಪು ಕಲ್ಪನೆ: ಆಂಪಿಯರ್-ಅವರ್ ಹೆಚ್ಚಿದ್ದಷ್ಟೂ ಬ್ಯಾಟರಿ ಗಟ್ಟಿ.

ಇದರ ಬೆನ್ನಿಗೇ ಇನ್ನೊಂದು ತಪ್ಪು: ದೊಡ್ಡ ಬ್ಯಾಟರಿ ಹಾಕಿದರೆ ಕಾಯಿಲು ಸುಟ್ಟುಹೋಗುತ್ತದಂತೆ. ಎರಡೂ ನಿಜವಲ್ಲ. 8ರ ಜಾಗಕ್ಕೆ 9ರದ್ದು ಹಾಕಿದರೆ ಕಾಯಿಲು ಸುಡುವುದಿಲ್ಲ, ತುಂಬಲು ಕೊಂಚ ಹೊತ್ತು ಹೆಚ್ಚು ಹಿಡಿಯುತ್ತದೆ. ಹಾಗೆಯೇ ಅಂಕಿ ಹೆಚ್ಚಾದ ಮಾತ್ರಕ್ಕೆ ಸೆಲ್ಫಿಗೆ ಬಲ ಬಂತು ಎನ್ನುವಂತೆಯೂ ಇಲ್ಲ. ಆಂಪಿಯರ್-ಅವರ್ ಎಂದರೆ ಬ್ಯಾಟರಿಯಲ್ಲಿ ಎಷ್ಟು ಕೂಡಿಟ್ಟಿದೆ ಎಂಬ ಲೆಕ್ಕ. ಒಂದೇ ಸಲಕ್ಕೆ ಎಷ್ಟು ಕೊಡಬಲ್ಲದು ಎಂಬುದು ಬೇರೆ ಅಂಕಿ, ಬ್ಯಾಟರಿಯ ವಿವರದಲ್ಲಿ ಸಿಸಿಎ ಎಂದು ಬರೆದಿರುತ್ತಾರೆ. ಕೆರೆ ಎಷ್ಟು ದೊಡ್ಡದಿದ್ದರೇನು, ತೂಬು ಕಿರಿದಾದರೆ ಗದ್ದೆಗೆ ಹರಿಯುವುದು ಅಷ್ಟೇ ನೀರು. ಸಿಸಿಎ ಅಂಕಿ ಕಾಣಿಸದ ಅಗ್ಗದ ಬ್ಯಾಟರಿಯನ್ನು ನಾನಂತೂ ಕೈಯಲ್ಲಿ ಹಿಡಿಯುವುದಿಲ್ಲ.

ಮಣ್ಣುದಾರಿಗೆ ಅಂಕಿಗಿಂತ ಮುಖ್ಯ ಅಳತೆ. ಹಿಮಾಲಯನ್‌ಗೆ ಕಂಪನಿ ಕೊಡುವುದು 12 ವೋಲ್ಟ್, 8 ಆಂಪಿಯರ್-ಅವರ್. ಅದೇ ಉದ್ದ, ಅಗಲ, ಎತ್ತರದ್ದು ಸಿಕ್ಕರೆ ಡಬ್ಬಿಯಲ್ಲಿ ಅಲುಗದೆ ಕೂರುತ್ತದೆ. ಸ್ವಲ್ಪ ಚಿಕ್ಕದನ್ನು ತಂದು ಪಕ್ಕಕ್ಕೆ ಥರ್ಮೋಕೋಲ್ ತುರುಕಿದರೆ ಒಂದೇ ಮಳೆಗಾಲಕ್ಕೆ ಅದು ಪುಡಿಯಾಗುತ್ತದೆ. ಬ್ಯಾಟರಿ ಕುಣಿದಂತೆಲ್ಲ ಒಳಗಿನ ಸೀಸದ ತಟ್ಟೆಗಳ ಲೇಪ ಉದುರುತ್ತದೆ. ಹಳೆಯ ಟ್ಯೂಬಿನ ರಬ್ಬರ್ ತುಂಡು ಎಷ್ಟೋ ವಾಸಿ. ಪಾಸಿಟಿವ್ ಟರ್ಮಿನಲ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹಳೆಯದನ್ನು ಪಕ್ಕದಲ್ಲಿಟ್ಟೇ ನೋಡಿ. ತಿರುವುಮುರುವು ಇದ್ದರೆ ವೈರನ್ನು ಜಗ್ಗಿ ಸಿಕ್ಕಿಸಬೇಕಾಗುತ್ತದೆ. ಜಗ್ಗಿದ ವೈರು ಚಾಸಿಗೆ ಉಜ್ಜಿ ಉಜ್ಜಿ ಒಂದು ದಿನ ಶಾರ್ಟ್ ಆಗುತ್ತದೆ.

ತಪ್ಪು ಕಲ್ಪನೆ: ಮೇಂಟೆನೆನ್ಸ್ ಫ್ರೀ ತಗೊಂಡರೆ ಮರೆತುಬಿಡಬಹುದು.

ವಾಸ್ತವ: ಅದಕ್ಕೆ ನೀರು ಹಾಕುವ ಕೆಲಸವಿಲ್ಲ, ಅಷ್ಟೇ. ಒಳಗಿನ ಆಸಿಡ್ಡನ್ನು ಗಾಜಿನ ಎಳೆಯ ಹಾಸು ಹೀರಿಕೊಂಡಿರುತ್ತದೆ. ಬೈಕ್ ಮಗ್ಗುಲಿಗೆ ಬಿದ್ದರೂ ಚೆಲ್ಲುವುದಿಲ್ಲ, ಕುಲುಕಾಟವನ್ನೂ ಹಳೆಯ ಬಗೆಗಿಂತ ಚೆನ್ನಾಗಿ ತಡೆಯುತ್ತದೆ. ಬೀಳುವುದೇ ಕಸುಬಾದ ದಾರಿಯಲ್ಲಿ ಈ ಕಾರಣಕ್ಕೇ ನನ್ನ ಮತ ಇದಕ್ಕೆ. ಆದರೆ ಚಾರ್ಜ್ ಇಳಿದ ಸ್ಥಿತಿಯಲ್ಲಿ ಬಿಟ್ಟರೆ ಸೀಸದ ತಟ್ಟೆಯ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುವುದು ಇದರಲ್ಲೂ ತಪ್ಪಿದ್ದಲ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ-ಆಸಿಡ್ ಬ್ಯಾಟರಿ ಮಾಡಿದಾಗಿನಿಂದಲೂ ಅದರ ಜಾತಕದಲ್ಲೇ ಇರುವ ದೋಷವಿದು.

ಮಲೆನಾಡಿನ ಅಂಚಿನಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಎಷ್ಟೋ ಬೈಕುಗಳು ಕೊಟ್ಟಿಗೆಯಲ್ಲೇ ಇರುತ್ತವೆ. ಕಳ್ಳರ ಭಯಕ್ಕೆ ಜಿಪಿಎಸ್ ಟ್ರ್ಯಾಕರ್ ಹಾಕಿಸಿರುತ್ತಾರೆ. ಅದು 20 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಹೆಚ್ಚುಕಡಿಮೆ ಅರ್ಧ ಆಂಪಿಯರ್-ಅವರ್ ಆಯಿತು. 8ರ ಬ್ಯಾಟರಿ ಹದಿನಾರು ದಿನಕ್ಕೆ ಪೂರ್ತಿ ಬರಿದು, ಸೆಲ್ಫ್ ಎತ್ತುವ ಶಕ್ತಿ ಹೋಗುವುದು ಅದಕ್ಕೂ ಬಹಳ ಮೊದಲೇ. ಮಳೆ ನಿಂತ ಮೇಲೆ ಕೊಟ್ಟಿಗೆ ಬಾಗಿಲು ತೆಗೆದು ‘ಈ ಕಂಪನಿ ಬ್ಯಾಟರಿ ಸರಿಯಿಲ್ಲ’ ಎನ್ನುವವರ ಮಾತಿಗೆ ಬುಡ ಇಷ್ಟೇ. ಬೈಕ್ ನಿಲ್ಲಿಸುವಾಗ ನೆಗೆಟಿವ್ ವೈರ್ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ಸ್ಟಾರ್ಟ್ ಮಾಡಿ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಸಾಲದು. ಐಡಲ್‌ನಲ್ಲಿ ಹುಟ್ಟುವ ಕರೆಂಟಿನ ಬಹುಪಾಲನ್ನು ಹೆಡ್‌ಲೈಟೇ ನುಂಗುತ್ತದೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಅದನ್ನು ಆರಿಸುವ ಸ್ವಿಚ್ಚೇ ಇಲ್ಲವಲ್ಲ.

ತಪ್ಪು ಕಲ್ಪನೆ: ಸಿಮೆಂಟ್ ನೆಲದ ಮೇಲೆ ಇಟ್ಟರೆ ಬ್ಯಾಟರಿ ಇಳಿದುಹೋಗುತ್ತದೆ.

ಹಿಂದಿನ ಕಾಲದ ರಬ್ಬರ್ ಡಬ್ಬಿಗಳಿಗೆ ಇದ್ದ ಭಯ ಇದು. ಈಗಿನ ಪ್ಲಾಸ್ಟಿಕ್ ಡಬ್ಬಿಯನ್ನು ದಾಟಿ ನೆಲಕ್ಕೆ ಕರೆಂಟ್ ಹರಿಯುವುದಿಲ್ಲ. ಹಲಗೆ ಹುಡುಕುವ ಬದಲು ಒಂದು ಚಾರ್ಜರ್ ಹುಡುಕಿ.

ತಪ್ಪು ಕಲ್ಪನೆ: ಮಳೆನೀರು ಶುದ್ಧ, ಬ್ಯಾಟರಿಗೆ ಹಾಕಬಹುದು.

ನೀರು ಹಾಕುವ ಬ್ಯಾಟರಿ ಇರುವುದು ಈಗ ಹಳೆಯ ಬುಲೆಟ್, ಮೈಸೂರಿನ ಯೆಜ್ಡಿಗಳಲ್ಲಿ. ತೋಟಗಳಲ್ಲಿ ಅವು ಇನ್ನೂ ಓಡುತ್ತಿವೆ. ಹೆಂಚಿನ ಮೇಲಿಂದ ಇಳಿದ ನೀರು ಪಾಚಿ, ಧೂಳು, ಲವಣ ಎಲ್ಲವನ್ನೂ ತೊಳೆದುಕೊಂಡು ಬಂದಿರುತ್ತದೆ. ಕಾಯಿಸಿ ಆರಿಸಿದರೂ ಲವಣ ಹೋಗುವುದಿಲ್ಲ, ಆರ್‌ಒ ನೀರಿನಲ್ಲೂ ಒಂದಿಷ್ಟು ಉಳಿದಿರುತ್ತದೆ. ಪೆಟ್ರೋಲ್ ಬಂಕಿನ ಡಿಸ್ಟಿಲ್ಡ್ ವಾಟರೇ ಸರಿ. ಮಟ್ಟ ಇಳಿಯಿತೆಂದು ಆಸಿಡ್ ಸುರಿಯುವುದಂತೂ ಬೇಡ. ಆವಿಯಾಗಿ ಹೋದದ್ದು ನೀರು, ಆಸಿಡ್ ಒಳಗೇ ಇದೆ.

ತಪ್ಪು ಕಲ್ಪನೆ: ಲಿಥಿಯಂ ಹಾಕಿಸಿದರೆ ಜನ್ಮದಲ್ಲಿ ಚಿಂತೆಯಿಲ್ಲ.

ಈಗ ಎಲ್ಲರ ಬಾಯಲ್ಲೂ ಇದೇ. ಕೆಟಿಎಂನ ಎಂಡ್ಯೂರೊ ರೇಸ್ ಬೈಕುಗಳಿಗೆ ಕಾರ್ಖಾನೆಯಿಂದಲೇ ಲಿಥಿಯಂ ಬರುತ್ತದೆ, ಹಾಗಾದರೆ ನಮಗೇಕೆ ಬೇಡ ಎಂಬ ವಾದ. ಒಳ್ಳೆಯ ಗುಣಗಳನ್ನು ಮೊದಲು ಒಪ್ಪಿಕೊಳ್ಳೋಣ. ತೂಕ ಸೀಸದ ಬ್ಯಾಟರಿಯ ಮೂರನೇ ಒಂದು ಪಾಲಿನಷ್ಟು. ಸುಮ್ಮನೆ ಬಿಟ್ಟರೆ ತನ್ನಷ್ಟಕ್ಕೆ ಇಳಿಯುವುದು ತೀರಾ ಕಡಿಮೆ. ಸೆಲ್ಫ್ ಒತ್ತಿದಾಗ ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ. ಬೈಕಿಗೆ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಬಗೆ ಮೊಬೈಲಿನ ಬ್ಯಾಟರಿಯಷ್ಟು ಸುಲಭಕ್ಕೆ ಬೆಂಕಿ ಹತ್ತುವಂಥದ್ದೂ ಅಲ್ಲ.

ಆದರೆ ರೇಸ್ ಬೈಕಿನ ಚಾರ್ಜಿಂಗ್ ವ್ಯವಸ್ಥೆಯನ್ನು ಅದಕ್ಕೆಂದೇ ಕಟ್ಟಿರುತ್ತಾರೆ. ಲಿಥಿಯಂ ಸಹಿಸುವ ಮಿತಿ ಸುಮಾರು 14.6 ವೋಲ್ಟ್. ಹಳೆಯ ರೆಗ್ಯುಲೇಟರ್ ಒಮ್ಮೊಮ್ಮೆ 15ಕ್ಕೆ ಜಿಗಿದರೆ ಸೀಸದ್ದು ಹೇಗೋ ತಾಳಿಕೊಂಡೀತು, ಲಿಥಿಯಂ ತಾಳುವುದಿಲ್ಲ. ಅದರೊಳಗೆ ಕಾವಲು ಸರ್ಕ್ಯೂಟ್ ಇದ್ದರೆ ಅದು ಬ್ಯಾಟರಿಯನ್ನೇ ಕಡಿದುಹಾಕುತ್ತದೆ. ಆಗ ಸವಾರನಿಗೆ ಮುನ್ಸೂಚನೆಯೇ ಇಲ್ಲ. ಸೀಸದ್ದು ಸಾಯುವ ಮುಂಚೆ ವಾರಗಟ್ಟಲೆ ನರಳುತ್ತದೆ: ಬೆಳಗಿನ ಹೊತ್ತು ಸೆಲ್ಫ್ ಎಳೆಯುತ್ತದೆ, ಹಾರನ್ ಮೆತ್ತಗಾಗುತ್ತದೆ, ಮೀಟರ್ ಮಿಣುಕುತ್ತದೆ. ಆನೆ ಓಡಾಡುವ ತೋಟದ ದಾರಿಯಲ್ಲಿ ಆ ನರಳಾಟಕ್ಕೆ ಬೆಲೆಯಿದೆ.

ಇನ್ನೂ ಮೂರು ತೊಡಕು. ಮೀಟರಿನಲ್ಲಿ 12.8 ಕಂಡರೆ ಸೀಸದ್ದು ತುಂಬಿದೆ ಎಂದರ್ಥ, ಲಿಥಿಯಂ ಆದರೆ ಬಹಳಷ್ಟು ಖರ್ಚಾಗಿದೆ ಎಂದರ್ಥ. ಗ್ಯಾರೇಜಿನ ಚಾರ್ಜರ್‌ಗಳಲ್ಲಿ ಕೆಲವಕ್ಕೆ ಸಲ್ಫೇಟ್ ಒಡೆಯಲು ಹೆಚ್ಚಿನ ವೋಲ್ಟೇಜ್ ಹೊಡೆಯುವ ಗುಣವಿರುತ್ತದೆ, ಲಿಥಿಯಂಗೆ ಅದು ವಿಷ. ಡಬ್ಬಿಯ ಮೇಲಿನ ಅಂಕಿಯಲ್ಲೂ ಮೋಸಹೋಗಬಹುದು. ಕೆಲವರು ‘ಸೀಸದ 8ಕ್ಕೆ ಸಮ’ ಎಂಬ ಲೆಕ್ಕದಲ್ಲಿ ಅಂಕಿ ಹಾಕುತ್ತಾರೆ, ಒಳಗಿನ ನಿಜವಾದ ಸಾಮರ್ಥ್ಯ ಅದರ ಅರ್ಧವೂ ಇರುವುದಿಲ್ಲ. ಸ್ಟಾರ್ಟ್ ಮಾಡಲು ಸಾಕು, ಆದರೆ ಟ್ರ್ಯಾಕರ್ ಅದನ್ನು ಬೇಗ ಬರಿದು ಮಾಡುತ್ತದೆ. ಸುಮಾರು ಇನ್ನೂರು ಕಿಲೋ ತೂಗುವ ಹಿಮಾಲಯನ್‌ನಲ್ಲಿ ಎರಡು ಕಿಲೋ ಉಳಿಸಲು ಇಷ್ಟೆಲ್ಲ ತಲೆನೋವು ಯಾಕೆ? ರೇಸಿಗೆ ಹೋಗುವವರು ಹಾಕಿಸಲಿ, ಉಳಿದವರಿಗೆ ಸೀಸವೇ ಸಾಕು.

ತಪ್ಪು ಕಲ್ಪನೆ: ಬ್ಯಾಟರಿ ಸತ್ತರೂ ತಳ್ಳಿ ಸ್ಟಾರ್ಟ್ ಮಾಡಬಹುದು.

ಆರ್‌ಎಕ್ಸ್ 100 ಓಡಿಸಿದವರು ಹೀಗೆ ಹೇಳುತ್ತಾರೆ, ಅವರ ಬೈಕಿನ ಮಟ್ಟಿಗೆ ಅದು ನಿಜವೂ ಹೌದು. ಕಿಡಿಗೆ ಬೇಕಾದ ಕರೆಂಟನ್ನು ಅದರ ಮ್ಯಾಗ್ನೆಟ್ಟೇ ಹುಟ್ಟಿಸುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳು ಬಹುತೇಕ ಫ್ಯುಯಲ್ ಇಂಜೆಕ್ಷನ್‌ಗೆ ತಿರುಗಿವೆ. ಪೆಟ್ರೋಲ್ ಪಂಪಿಗೂ ಎಂಜಿನ್ ನಿಯಂತ್ರಿಸುವ ಇಸಿಯುಗೂ ಮೊದಲು ಬ್ಯಾಟರಿಯಿಂದ ಕರೆಂಟ್ ಬೇಕು. ಕೀ ತಿರುಗಿಸಿದಾಗ ಪಂಪಿನ ‘ಝೂಂ’ ಸದ್ದು ಕೇಳಿದರೆ, ಮೀಟರ್ ಹೊತ್ತಿಕೊಂಡರೆ, ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಪ್ರಯತ್ನಿಸಬಹುದು. ಪೂರ್ತಿ ಸತ್ತಿದ್ದರೆ ಎಷ್ಟು ಜನ ತಳ್ಳಿದರೂ ಬೆವರು ಮಾತ್ರ. ಹಿಮಾಲಯನ್‌ಗೆ ಕಿಕ್ಕರ್ ಕೂಡ ಇಲ್ಲ. ಸಣ್ಣ ಜಂಪ್ ಸ್ಟಾರ್ಟರ್ ಒಂದು ಬ್ಯಾಗಿನಲ್ಲಿದ್ದರೆ ಒಳ್ಳೆಯದು. ಕಾರಿನ ಬ್ಯಾಟರಿಯಿಂದ ಕರೆಂಟ್ ಎಳೆದುಕೊಳ್ಳುವುದಾದರೆ ಕಾರಿನ ಎಂಜಿನ್ ಆಫ್ ಇರಲಿ.

ತಪ್ಪು ಕಲ್ಪನೆ: ಹೊಸದು ಎಂದರೆ ತಾಜಾ.

ಅಂಗಡಿಯ ಕಪಾಟಿನಲ್ಲೂ ಬ್ಯಾಟರಿಗೆ ವಯಸ್ಸಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಆಸಿಡ್ ತುಂಬಿ ಸೀಲ್ ಮಾಡಿ ಬರುವಂಥದ್ದಾದರೆ ತಯಾರಾದ ತಿಂಗಳು, ವರ್ಷವನ್ನು ಅಂಗಡಿಯವರಿಂದಲೇ ಓದಿಸಿಕೊಳ್ಳಿ. ಆರು ತಿಂಗಳು ದಾಟಿದ್ದರೆ ಬೇರೆಯದು ಕೇಳಿ. ‘ಅಣ್ಣಾ, ಮೀಟರ್ ಹಿಡಿದು ತೋರ್ಸಿ’ ಎಂದರೆ ಒಳ್ಳೆಯ ಅಂಗಡಿಯವರು ಬೇಸರಪಡುವುದಿಲ್ಲ. ಡ್ರೈ ಬ್ಯಾಟರಿಗೆ ಎದುರಲ್ಲೇ ಆಸಿಡ್ ಹಾಕಿಕೊಡುವುದಾದರೆ ಅವಸರ ಮಾಡಬೇಡಿ. ಆಸಿಡ್ ಹೀರಿಕೊಳ್ಳಲು ಒಂದಷ್ಟು ಹೊತ್ತು ಬಿಟ್ಟು, ಸಾಮರ್ಥ್ಯದ ಹತ್ತನೇ ಒಂದರಷ್ಟು ಕರೆಂಟಿನಲ್ಲಿ, ಅಂದರೆ 8ರದ್ದಕ್ಕೆ 0.8 ಆಂಪಿಯರಿನಲ್ಲಿ, ನಿಧಾನವಾಗಿ ಮೊದಲ ಚಾರ್ಜ್ ಆಗಬೇಕು. ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯುವ ಕೆಲಸ ಇದು. ಸುರಿದ ಕೂಡಲೇ ಕೂರಿಸಿ ಸೆಲ್ಫ್ ಹೊಡೆದ ಬ್ಯಾಟರಿ ತನ್ನ ಪೂರ್ತಿ ಸಾಮರ್ಥ್ಯವನ್ನು ಮುಂದೆಂದೂ ಮುಟ್ಟುವುದಿಲ್ಲ.

ತಪ್ಪು ಕಲ್ಪನೆ: ನಾಲ್ಕು ವರ್ಷ ವಾರಂಟಿ ಎಂದರೆ ನಾಲ್ಕು ವರ್ಷ ಬಿಟ್ಟಿ.

ಸಾಮಾನ್ಯವಾಗಿ ಮೊದಲ ಭಾಗಕ್ಕೆ ಮಾತ್ರ ಬಿಟ್ಟಿ ಬದಲಾವಣೆ, ಉಳಿದ ಅವಧಿಗೆ ಹೊಸದರ ಬೆಲೆಯಲ್ಲಿ ರಿಯಾಯಿತಿ. ಉಬ್ಬಿದ, ಒಡೆದ ಬ್ಯಾಟರಿಯನ್ನು ವಾಪಸ್ ತೆಗೆದುಕೊಳ್ಳುವುದು ಅಪರೂಪ. ಕಾರ್ಡಿಗೆ ಸೀಲು, ತಾರೀಕು, ಸೀರಿಯಲ್ ನಂಬರ್ ಹಾಕಿಸಿಕೊಳ್ಳಿ.

ತಪ್ಪು ಕಲ್ಪನೆ: ಹಳೆಯದು ಕಸ.

ಅದರಲ್ಲಿರುವ ಸೀಸಕ್ಕೆ ಬೆಲೆಯಿದೆ, ಅದಕ್ಕೇ ಅಂಗಡಿಯವರು ಎಕ್ಸ್‌ಚೇಂಜ್ ಎಂದು ಮುರಿದುಕೊಳ್ಳುವುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಆಸಿಡ್ಡನ್ನು ಚರಂಡಿಗೆ ಚೆಲ್ಲಿ ಸೀಸವನ್ನಷ್ಟೇ ಗುಜರಿಗೆ ಹಾಕುವವರೂ ಇದ್ದಾರೆ. ಈ ಊರುಗಳಲ್ಲಿ ಚರಂಡಿಯ ನೀರು ಕೊನೆಗೆ ಸೇರುವುದು ಕೆರೆಗೇ. ಆದ್ದರಿಂದ ಬಿಚ್ಚಲು ಹೋಗದೆ ಇಡಿಯಾಗಿಯೇ ಕೊಟ್ಟು ಬನ್ನಿ. ಎಕ್ಸ್‌ಚೇಂಜಿನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಹೊಸದರ ಬೆಲೆ ಕೇಳುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಆ ಅಂಕಿ ಯಾಕೋ ಚಿಕ್ಕದಾಗಿಬಿಡುತ್ತದೆ.