ಕ್ಷೇತ್ರದಿಂದ ವಿದ್ವತ್ ಪತ್ರಿಕೆಗೆ: ಜಾನಪದ ಸಂಶೋಧನ ಲೇಖನದ ಸಿದ್ಧತೆ ಮತ್ತು ಸಲ್ಲಿಕೆ

ಕನ್ನಡ ಜಾನಪದ ಅಧ್ಯಯನದ ಚರಿತ್ರೆಯಲ್ಲಿ ಸಂಗ್ರಹಕಾರ್ಯಕ್ಕೆ ಸಂದ ಮನ್ನಣೆ ಸಂಶೋಧನ ಲೇಖನಕ್ಕೆ ಸಂದಿಲ್ಲ. ಜೆ.ಎಫ್. ಫ್ಲೀಟ್ ಅವರು 1885ರಿಂದ ಮೊದಲ್ಗೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕೆಲವು ಕನ್ನಡ ಲಾವಣಿಗಳನ್ನು ಅನುವಾದಸಹಿತ ಪ್ರಕಟಿಸಿದರು. ಹಲಗಲಿಯ ಬೇಡರ ದಂಗೆಯನ್ನು ಕುರಿತ ಲಾವಣಿಯೂ ಅವುಗಳಲ್ಲಿ ಒಂದು. ಅಂದರೆ ಕನ್ನಡದ ಮೌಖಿಕ ಪರಂಪರೆ ವಿದ್ವತ್ ಪತ್ರಿಕೆಯ ಪುಟವನ್ನು ಪ್ರವೇಶಿಸಿ ಒಂದು ಶತಮಾನಕ್ಕೂ ಮಿಕ್ಕ ಕಾಲವಾಗಿದೆ. ಆ ಬಳಿಕ ಗೀತ, ಗಾದೆ, ಒಗಟು, ಕಥೆ, ಮಹಾಕಾವ್ಯಗಳ ಸಂಕಲನಗಳು ವಿಪುಲವಾಗಿ ಬಂದವು; ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಮಹಾಪ್ರಬಂಧಗಳು ಸಿದ್ಧವಾದವು. ಆದರೆ ಈ ಸಾಮಗ್ರಿಯ ಬಹುಪಾಲು ತಜ್ಞವಿಮರ್ಶೆಗೆ ಒಳಪಡುವ ಪತ್ರಿಕೆಗಳನ್ನು ತಲುಪದೆ ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿದಿದೆ. ಕ್ಷೇತ್ರಕಾರ್ಯದ ಟಿಪ್ಪಣಿಯು ಲೇಖನವಾಗಿ ರೂಪುಗೊಂಡು ಪತ್ರಿಕೆಗೆ ಸಲ್ಲಿಕೆಯಾಗುವವರೆಗಿನ ಹಂತಗಳನ್ನು, ಅಲ್ಲಿ ಜಾನಪದ ಸಂಶೋಧಕನಿಗೆ ವಿಶೇಷವಾಗಿ ಎದುರಾಗುವ ಪ್ರಶ್ನೆಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಜ್ಞವಿಮರ್ಶೆಯ ಸ್ವರೂಪ

ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ಲಂಡನ್ನಿನಲ್ಲಿ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದಾಗ ಲೇಖನಗಳ ಆಯ್ಕೆ ಬಹುಮಟ್ಟಿಗೆ ಸಂಪಾದಕನ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಇಂದು ರೂಢಿಯಲ್ಲಿರುವ ವ್ಯವಸ್ಥಿತ ಬಾಹ್ಯ ವಿಮರ್ಶೆಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೆಲೆಗೊಂಡಿತು. ‘ನೇಚರ್’ ಪತ್ರಿಕೆಯು ಅದನ್ನು ಕಡ್ಡಾಯಗೊಳಿಸಿದ್ದು 1973ರಲ್ಲಿ. ಈ ಕ್ರಮದಲ್ಲಿ ಸಲ್ಲಿಕೆಯಾದ ಹಸ್ತಪ್ರತಿಯನ್ನು ಮೊದಲು ಸಂಪಾದಕರು ಪರಿಶೀಲಿಸುತ್ತಾರೆ. ಪತ್ರಿಕೆಯ ವ್ಯಾಪ್ತಿಗೆ ಸೇರದ, ನಿಯಮಗಳನ್ನು ಪಾಲಿಸದ ಬರಹಗಳು ಇಲ್ಲಿಯೇ ಹಿಂತಿರುಗುತ್ತವೆ. ಉಳಿದವು ಸಾಮಾನ್ಯವಾಗಿ ಇಬ್ಬರು ವಿಷಯತಜ್ಞರ ಬಳಿಗೆ ಹೋಗುತ್ತವೆ. ವಿಮರ್ಶಕರಿಗೆ ಲೇಖಕರ ಹೆಸರು ತಿಳಿದಿದ್ದು ಲೇಖಕರಿಗೆ ವಿಮರ್ಶಕರ ಹೆಸರು ತಿಳಿಯದಿದ್ದರೆ ಅದು ಏಕಮುಖ ಅನಾಮಿಕ ಪದ್ಧತಿ. ಪರಸ್ಪರ ಇಬ್ಬರಿಗೂ ತಿಳಿಯದಿದ್ದರೆ ಉಭಯ ಅನಾಮಿಕ ಪದ್ಧತಿ. ಮಾನವಿಕ ಶಾಸ್ತ್ರಗಳಲ್ಲಿ ಎರಡನೆಯದೇ ಹೆಚ್ಚು ರೂಢಿಯಲ್ಲಿದೆ. ಸ್ವೀಕಾರ, ಅಲ್ಪ ಪರಿಷ್ಕರಣೆ, ವಿಸ್ತೃತ ಪರಿಷ್ಕರಣೆ, ನಿರಾಕರಣೆ ಎಂಬ ನಾಲ್ಕು ಬಗೆಯ ನಿರ್ಣಯಗಳಲ್ಲಿ ಒಂದು ಲೇಖಕರಿಗೆ ದೊರೆಯುತ್ತದೆ. ಮೊದಲ ಹಂತದಲ್ಲಿಯೇ ಯಾವ ಬದಲಾವಣೆಯೂ ಇಲ್ಲದೆ ಸ್ವೀಕೃತವಾಗುವುದು ಅಪರೂಪವೆಂಬುದನ್ನು ಹೊಸ ಸಂಶೋಧಕರು ಅರಿತಿರಬೇಕು.

ಮಹಾಪ್ರಬಂಧದ ಅಧ್ಯಾಯವೂ ಲೇಖನವೂ

ಮಹಾಪ್ರಬಂಧದ ಒಂದು ಅಧ್ಯಾಯವನ್ನು ಕತ್ತರಿಸಿ ಕಳುಹಿಸಿದರೆ ಅದು ಲೇಖನವಾಗದು. ಮಹಾಪ್ರಬಂಧವು ಅಭ್ಯರ್ಥಿಯ ಒಟ್ಟು ವ್ಯಾಸಂಗಕ್ಕೆ ಸಾಕ್ಷ್ಯ. ಲೇಖನವು ಒಂದು ಪ್ರಶ್ನೆಗೆ ನೀಡಿದ ಉತ್ತರ. ವಿಲಿಯಂ ಥಾಮ್ಸ್ 1846ರಲ್ಲಿ ‘ಫೋಕ್‌ಲೋರ್’ ಪದವನ್ನು ಟಂಕಿಸಿದ ಸಂಗತಿಯಿಂದ ತೊಡಗಿ, ಜಾನಪದದ ಹತ್ತು ವ್ಯಾಖ್ಯೆಗಳನ್ನು ಉದ್ಧರಿಸಿ, ಜಿಲ್ಲೆಯ ಭೌಗೋಳಿಕ ವಿವರ ನೀಡಿ, ಕಡೆಯ ಎರಡು ಪುಟಗಳಲ್ಲಿ ವಿಷಯಕ್ಕೆ ಬರುವ ಕ್ರಮ ನಮ್ಮ ಬರವಣಿಗೆಯಲ್ಲಿ ಬೇರೂರಿದೆ. ವಿದ್ವತ್ ಪತ್ರಿಕೆಯ ಓದುಗರಿಗೆ ಥಾಮ್ಸ್ ಗೊತ್ತು. ಅವರಿಗೆ ಗೊತ್ತಿಲ್ಲದಿರುವುದು ನಿರ್ದಿಷ್ಟ ಊರಿನ, ನಿರ್ದಿಷ್ಟ ಗಾಯಕಿಯ, ನಿರ್ದಿಷ್ಟ ಪಾಠ.

ಪೀಟರ್ ಕ್ಲಾಸ್ ಅವರು ತುಳುನಾಡಿನ ಸಿರಿ ಆರಾಧನೆಯನ್ನು ಕುರಿತು 1975ರಲ್ಲಿ ‘ಎಥ್ನಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಇಲ್ಲಿ ಉಲ್ಲೇಖನೀಯ. ಅದರ ವಿಸ್ತಾರ ಹನ್ನೆರಡು ಪುಟಗಳಷ್ಟು ಮಾತ್ರ. ಸಿರಿಯ ಪುರಾಣಕ್ಕೂ ಸಾಮೂಹಿಕ ಆವೇಶದ ಆಚರಣೆಗೂ ಇರುವ ಸಂಬಂಧವೇನು ಎಂಬುದಷ್ಟೇ ಅದರ ಕೇಂದ್ರ. ಮುಂದೆ ಲೌರಿ ಹೋಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೋಂಕೊ ಅವರೊಡನೆ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯದ 15,683 ಸಾಲುಗಳನ್ನು ದಾಖಲಿಸಿದರು. ಅದು 1998ರಲ್ಲಿ ‘ಫೋಕ್‌ಲೋರ್ ಫೆಲೋಸ್ ಕಮ್ಯುನಿಕೇಷನ್ಸ್’ ಮಾಲೆಯಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಹಾಡು ಪಠ್ಯವಾದ ಬಗೆಯನ್ನು ವಿವರಿಸಲು ಹೋಂಕೊ ಮತ್ತೊಂದು ಸಂಪುಟವನ್ನೇ ಮೀಸಲಿಟ್ಟರೆಂಬುದು ಗಮನಾರ್ಹ. ಪಠ್ಯವನ್ನು ಹೇಗೆ ಪಡೆಯಲಾಯಿತು ಎಂಬ ನಿರೂಪಣೆ ಪೀಠಿಕೆಯ ಔಪಚಾರಿಕತೆಯಲ್ಲ, ವಾದದ ಅಂಗವೇ ಹೌದು ಎಂಬ ಪಾಠ ಇದರಿಂದ ದೊರೆಯುತ್ತದೆ. ಹಾಡಿದ್ದು ಆಚರಣೆಯ ನಡುವೆಯೋ ಸಂಶೋಧಕರ ಕೋರಿಕೆಯ ಮೇರೆಗೋ, ಕೇಳುಗರು ಯಾರಿದ್ದರು, ಧ್ವನಿಮುದ್ರಣ ಎಂದು ನಡೆಯಿತು, ಲಿಪ್ಯಂತರ ಮಾಡಿದವರು ಯಾರು ಎಂಬಿಷ್ಟು ವಿವರಗಳಿಲ್ಲದ ಹಸ್ತಪ್ರತಿಯನ್ನು ವಿಮರ್ಶಕರು ಪ್ರಶ್ನಿಸದೆ ಬಿಡುವುದಿಲ್ಲ.

ಪಠ್ಯ, ಲಿಪಿ ಮತ್ತು ಲಿಪ್ಯಂತರ

ಕನ್ನಡದ ಹಸ್ತಪ್ರತಿ ಅನೇಕ ವೇಳೆ ವಿಮರ್ಶಕರನ್ನು ತಲುಪುವ ಮೊದಲೇ ಕೆಡುತ್ತದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಆದುದರಿಂದ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಸಾಲುಸಾಲಾಗಿ ತಾಳೆನೋಡಿ ಕಳುಹಿಸುವುದು ಅಗತ್ಯ.

ಇಂಗ್ಲಿಷ್ ಲೇಖನಕ್ಕೆ ರೋಮನ್ ಲಿಪ್ಯಂತರ ಬೇಕಾಗುತ್ತದೆ. ಸಂಸ್ಕೃತಕ್ಕೆಂದು ರೂಪುಗೊಂಡ ಪದ್ಧತಿ ಕನ್ನಡಕ್ಕೆ ಸಾಲದು. ಸಂಸ್ಕೃತದಲ್ಲಿ ಹ್ರಸ್ವ ಎಕಾರ, ಒಕಾರಗಳಿಲ್ಲದ ಕಾರಣ ಆ ಪದ್ಧತಿಯಲ್ಲಿ ಅವುಗಳ ಹ್ರಸ್ವದೀರ್ಘ ಭೇದವನ್ನು ಗುರುತಿಸುವುದಿಲ್ಲ. ಹಾಗೆ ಬರೆದರೆ ‘ಎಣಿ’ಗೂ ‘ಏಣಿ’ಗೂ, ‘ಕೊಡು’ವಿಗೂ ‘ಕೋಡು’ವಿಗೂ ಅಂತರ ಅಳಿದುಹೋಗುತ್ತದೆ. 2001ರ ಐಎಸ್‌ಒ 15919 ಮಾನಕವು ದೀರ್ಘಸ್ವರಗಳ ಮೇಲೆ ಗೆರೆಯನ್ನಿಟ್ಟು ಈ ಭೇದವನ್ನು ಕಾಯುತ್ತದೆ. ಪತ್ರಿಕೆ ಬೇರೊಂದು ಪದ್ಧತಿಯನ್ನು ವಿಧಿಸಿದ್ದರೆ ಅದನ್ನೇ ಅನುಸರಿಸಬೇಕು; ಒಂದೇ ಲೇಖನದಲ್ಲಿ ಎರಡು ಪದ್ಧತಿಗಳನ್ನು ಬೆರೆಸಬಾರದು.

ಆಡುನುಡಿಯ ರೂಪಗಳನ್ನು ಶಿಷ್ಟ ಕನ್ನಡಕ್ಕೆ ತಿದ್ದುವುದು ಇನ್ನೊಂದು ದೋಷ. ‘ಹೋಗ್ಯಾನ’ ಎಂದು ಹಾಡಿದ್ದನ್ನು ‘ಹೋಗಿದ್ದಾನೆ’ ಎಂದು ಬರೆದಾಗ ಪ್ರದೇಶದ ಗುರುತಷ್ಟೇ ಅಲ್ಲ, ಮಾತ್ರೆಗಳ ಲೆಕ್ಕವೂ ತಪ್ಪುತ್ತದೆ. ಮೂಲರೂಪವನ್ನು ಹಾಗೆಯೇ ಉಳಿಸಿಕೊಂಡು ಅರ್ಥವನ್ನು ಅನುವಾದದಲ್ಲಿ ನೀಡುವುದೇ ಸರಿಯಾದ ಮಾರ್ಗ.

ಹೆಸರಿನ ಪ್ರಶ್ನೆ

ಜಾನಪದ ಸಂಶೋಧಕರು ಎದುರಿಸುವ ಅತ್ಯಂತ ಸೂಕ್ಷ್ಮ ಪ್ರಶ್ನೆ ಹೆಸರಿಗೆ ಸಂಬಂಧಿಸಿದುದು. ಉಭಯ ಅನಾಮಿಕ ಪದ್ಧತಿಯು ಲೇಖಕನ ಹೆಸರನ್ನು ಅಳಿಸಲು ಹೇಳುತ್ತದೆ. ಜಾನಪದ ಶಾಸ್ತ್ರದ ನೈತಿಕತೆಯು ಹಾಡಿದವರ ಹೆಸರನ್ನು ಉಳಿಸಲು ಹೇಳುತ್ತದೆ. ಲೇಖಕನ ಗುರುತನ್ನು ಮರೆಮಾಡುವ ನೆಪದಲ್ಲಿ ಗಾಯಕರನ್ನು ‘ಒಬ್ಬ ವಕ್ತೃ’, ‘ಸುಮಾರು ಅರವತ್ತರ ವೃದ್ಧೆ’ ಎಂದು ಬರೆದು, ಸ್ವೀಕಾರದ ಅನಂತರವೂ ಹಾಗೆಯೇ ಮುದ್ರಿಸಿದರೆ ಕಡೆಗೆ ಹೆಸರು ಉಳಿಯುವುದು ಸಂಶೋಧಕನದು ಮಾತ್ರ. ‘ಜನಪದ’ ಎಂಬ ಸಮೂಹವಾಚಕದಡಿ ವ್ಯಕ್ತಿಪ್ರತಿಭೆಯನ್ನು ಹುದುಗಿಸಿದ ಹಳೆಯ ಅಭ್ಯಾಸವೇ ಹೊಸ ವೇಷದಲ್ಲಿ ಮರಳಿದಂತಾಗುತ್ತದೆ.

ಇದಕ್ಕೆ ಪರಿಹಾರ ಕಷ್ಟವಲ್ಲ. ವಿಮರ್ಶೆಗೆ ಕಳುಹಿಸುವ ಪ್ರತಿಯಲ್ಲಿ ಕೃತಜ್ಞತೆ, ಅನುದಾನದ ಉಲ್ಲೇಖ, ‘ನನ್ನ ಹಿಂದಿನ ಕೃತಿಯಲ್ಲಿ’ ಎಂಬಂಥ ಮಾತುಗಳು, ಕಡತದ ಗುಣಲಕ್ಷಣಗಳಲ್ಲಿ ಅಡಗಿರುವ ಹೆಸರು ಇವನ್ನು ತೆಗೆಯಬೇಕು. ಗಾಯಕರ ಹೆಸರಿನಿಂದ ಲೇಖಕರ ಗುರುತು ಪತ್ತೆಯಾಗುವಂತಿದ್ದರೆ ತಾತ್ಕಾಲಿಕ ಸಂಕೇತವನ್ನು ಬಳಸಿ, ಅಂತಿಮ ಪ್ರತಿಯಲ್ಲಿ ಪೂರ್ಣ ಹೆಸರನ್ನು ಮರಳಿ ಸೇರಿಸುವುದಾಗಿ ಸಂಪಾದಕರಿಗೆ ಬರೆಯುವ ಪತ್ರದಲ್ಲಿ ತಿಳಿಸಬೇಕು. ಹೆಸರು ಬೇಡವೆಂದು ಕಲಾವಿದರೇ ಕೇಳಿಕೊಂಡಿದ್ದರೆ ಆ ಮಾತನ್ನು ಮನ್ನಿಸಬೇಕು. ಹೆಸರಿರಬೇಕೆ ಬೇಡವೆ ಎಂಬ ನಿರ್ಧಾರ ಅವರದು, ಸಂಶೋಧಕರ ಅನುಕೂಲದ್ದಲ್ಲ.

ಒಪ್ಪಿಗೆಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿಯು ಪ್ರದರ್ಶನಕಾರರ ಹಕ್ಕನ್ನು ಮಾನ್ಯಮಾಡಿತು. ಅದರ ಅವಧಿ ಈಗ 50 ವರ್ಷ. ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗಾಗಿಯೇ ಮಾಡುವ ಧ್ವನಿಮುದ್ರಣಕ್ಕೆ ಕಾಯಿದೆ ವಿನಾಯಿತಿ ನೀಡಿದೆ. ಆದರೆ ಕಾನೂನಿನ ವಿನಾಯಿತಿ ನೈತಿಕ ಹೊಣೆಯನ್ನು ಇಲ್ಲವಾಗಿಸದು. ಮಂಟೇಸ್ವಾಮಿ ಕಾವ್ಯದ ನೀಲಗಾರರಿಗಾಗಲಿ, ಮಲೆಯ ಮಾದೇಶ್ವರ ಕಾವ್ಯದ ಕಂಸಾಳೆಯವರಿಗಾಗಲಿ ಹಾಡು ಕೇವಲ ಸಾಹಿತ್ಯವಲ್ಲ. ದೀಕ್ಷೆಯೊಂದಿಗೆ ಬಂದ ಹೊಣೆ. ಮುದ್ರಣದಲ್ಲಿ ಬರಬಹುದಾದುದು ಯಾವುದು, ಬರಬಾರದುದು ಯಾವುದು ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕು. ಓದುಬರಹ ಬಾರದ ಕಲಾವಿದರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕಿಂತ, ಉದ್ದೇಶವನ್ನು ವಿವರಿಸಿ ಪಡೆದು ಧ್ವನಿಮುದ್ರಿಸಿಕೊಂಡ ಮಾತಿನ ಒಪ್ಪಿಗೆ ಹೆಚ್ಚು ಅರ್ಥಪೂರ್ಣ.

ಪತ್ರಿಕೆಯ ಆಯ್ಕೆ

ಪತ್ರಿಕೆಯನ್ನು ಆಯುವಾಗ ಅದರ ಹಿಂದಿನ ಕೆಲವು ಸಂಚಿಕೆಗಳನ್ನು ಓದುವುದಕ್ಕಿಂತ ಉತ್ತಮ ಮಾರ್ಗವಿಲ್ಲ. 1888ರಿಂದ ಪ್ರಕಟವಾಗುತ್ತಿರುವ ‘ಜರ್ನಲ್ ಆಫ್ ಅಮೆರಿಕನ್ ಫೋಕ್‌ಲೋರ್’, ಜಪಾನಿನ ನಾನ್ಜಾನ್ ವಿಶ್ವವಿದ್ಯಾಲಯದಿಂದ ಹೊರಡುವ ‘ಏಷ್ಯನ್ ಎಥ್ನಾಲಜಿ’ ಇವು ಜಾನಪದ ಲೇಖನಗಳಿಗೆ ಪರಿಚಿತ ವೇದಿಕೆಗಳು. ಎರಡನೆಯದು 2008ರವರೆಗೆ ‘ಏಷ್ಯನ್ ಫೋಕ್‌ಲೋರ್ ಸ್ಟಡೀಸ್’ ಎಂಬ ಹೆಸರಿನಲ್ಲಿತ್ತು.

ಭಾರತದಲ್ಲಿ ಪ್ರಕಟಣೆಯ ಒತ್ತಡವನ್ನು ನಿಯಮಗಳೂ ರೂಪಿಸಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2016ರ ನಿಯಮಾವಳಿಯು ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನದ ಪ್ರಕಟಣೆಯನ್ನು ಕಡ್ಡಾಯಗೊಳಿಸಿತ್ತು. 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಗುಣಮಟ್ಟದ ಪತ್ರಿಕೆಗಳನ್ನು ಗುರುತಿಸಲು 2018ರಲ್ಲಿ ರೂಪಿಸಿದ ಯುಜಿಸಿ-ಕೇರ್ ವ್ಯವಸ್ಥೆಯ ಪಟ್ಟಿಯನ್ನೂ ಆಯೋಗವು 2025ರಲ್ಲಿ ನಿಲ್ಲಿಸಿತು. ಪಟ್ಟಿ ಇಲ್ಲದ ಈ ಸನ್ನಿವೇಶದಲ್ಲಿ ಆಯ್ಕೆಯ ಹೊಣೆ ಸಂಶೋಧಕರ ಮತ್ತು ಅವರ ಸಂಸ್ಥೆಗಳ ಮೇಲೆಯೇ ಇದೆ. ಐಎಸ್‌ಎಸ್‌ಎನ್ ಎಂಬ ಎಂಟು ಅಂಕಿಗಳ ಸಂಖ್ಯೆಯು ನಿಯತಕಾಲಿಕೆಯ ಗುರುತೇ ಹೊರತು ಗುಣಮಟ್ಟದ ಪ್ರಮಾಣಪತ್ರವಲ್ಲ. ಕೆಲವೇ ದಿನಗಳಲ್ಲಿ ಸ್ವೀಕಾರದ ಭರವಸೆ, ಸ್ವೀಕಾರದೊಡನೆ ಹಣದ ಬೇಡಿಕೆ, ಜಾನಪದದಿಂದ ಯಂತ್ರಶಾಸ್ತ್ರದವರೆಗೆ ಎಲ್ಲವನ್ನೂ ಒಳಗೊಳ್ಳುವ ವ್ಯಾಪ್ತಿ, ಸಂಪಾದಕ ಮಂಡಳಿಯ ಅಸ್ಪಷ್ಟತೆ ಇವು ಎಚ್ಚರಿಕೆಯ ಲಕ್ಷಣಗಳು. ಅಂಥ ಕಡೆ ಅಚ್ಚಾದ ಅಪೂರ್ವ ಪಾಠವೊಂದು, ಆ ಪತ್ರಿಕೆ ಕಣ್ಮರೆಯಾದಾಗ ತಾನೂ ಕಣ್ಮರೆಯಾಗುತ್ತದೆ.

ಸಲ್ಲಿಕೆಯ ಕ್ರಮ

ಸಲ್ಲಿಕೆಗೆ ಮುನ್ನ ಪತ್ರಿಕೆಯ ಸೂಚನೆಗಳನ್ನು ಪೂರ್ತಿ ಓದಿ, ಪದಮಿತಿ, ಉಲ್ಲೇಖ ಪದ್ಧತಿ, ಚಿತ್ರಗಳ ಗುಣಮಟ್ಟ ಇವನ್ನು ಹೊಂದಿಸಿಕೊಳ್ಳಬೇಕು. ಸಾರಲೇಖವು ‘ಈ ಲೇಖನದಲ್ಲಿ ಚರ್ಚಿಸಲಾಗಿದೆ’ ಎಂದು ಮುಗಿಯದೆ, ಪ್ರಶ್ನೆ, ಆಕರ, ವಿಧಾನ ಮತ್ತು ಫಲಿತವನ್ನು ಸ್ಪಷ್ಟವಾಗಿ ಹೇಳಬೇಕು. ಮುಖ್ಯಪದಗಳಲ್ಲಿ ಪ್ರಕಾರ, ಪ್ರದೇಶ ಮತ್ತು ಭಾಷೆಯ ಹೆಸರುಗಳಿರಬೇಕು. ಕಥೆಯ ಅಧ್ಯಯನವಾದರೆ 2004ರಲ್ಲಿ ಹಾನ್ಸ್-ಯೋರ್ಗ್ ಊಥರ್ ಪರಿಷ್ಕರಿಸಿದ ಕಥಾವರ್ಗ ಸೂಚಿಯ ಸಂಖ್ಯೆಯನ್ನು ನೀಡಿದರೆ ಅನ್ಯಭಾಷೆಯ ಓದುಗರಿಗೆ ತುಲನೆ ಸುಲಭವಾಗುತ್ತದೆ.

ಲೇಖಕರ ಹೆಸರನ್ನು ಬರೆಯುವ ಬಗೆಯೂ ಒಂದೇ ರೀತಿ ಇರಬೇಕು. ಊರು, ತಂದೆಯ ಹೆಸರುಗಳ ಇನಿಷಿಯಲ್ಲುಗಳನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರೆದರೆ ಸೂಚಿಗಳಲ್ಲಿ ಒಬ್ಬರೇ ವಿದ್ವಾಂಸರು ಇಬ್ಬರಾಗುತ್ತಾರೆ. 2012ರಿಂದ ಬಳಕೆಗೆ ಬಂದ 16 ಅಂಕಿಗಳ ಆರ್ಕಿಡ್ ಗುರುತುಸಂಖ್ಯೆ ಈ ಗೊಂದಲವನ್ನು ನಿವಾರಿಸುತ್ತದೆ. ಆಯೋಗದ 2018ರ ಕೃತಿಚೌರ್ಯ ತಡೆ ನಿಯಮಾವಳಿಯು ಶೇ. 10ರವರೆಗಿನ ಸಾಮ್ಯವನ್ನು ದಂಡನೆಯಿಂದ ಹೊರಗಿಟ್ಟಿದೆ. ಆದರೆ ಯಂತ್ರ ಎಣಿಸುವುದು ಪದಸಾಮ್ಯವನ್ನು ಮಾತ್ರ. ಇನ್ನೊಬ್ಬರ ಕ್ಷೇತ್ರಟಿಪ್ಪಣಿಯನ್ನು ಮಾತು ಬದಲಿಸಿ ತನ್ನದೆಂದು ಬರೆದುದನ್ನು ಯಂತ್ರ ಹಿಡಿಯದೆಯೂ ಹೋಗಬಹುದು. ಆ ಸೀಮೆಯನ್ನು ಬಲ್ಲ ವಿಮರ್ಶಕ ಹಿಡಿಯಬಲ್ಲ. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸುವುದು ಶಿಷ್ಟಾಚಾರಕ್ಕೆ ವಿರುದ್ಧ.

ವಿಮರ್ಶೆಗೆ ಉತ್ತರ

ವಿಮರ್ಶಕರ ವರದಿ ಬಂದಾಗ ಪ್ರತಿಯೊಂದು ಆಕ್ಷೇಪವನ್ನೂ ಕ್ರಮವಾಗಿ ಬರೆದು, ಅದರ ಕೆಳಗೆ ಮಾಡಿದ ಬದಲಾವಣೆಯನ್ನೂ ಪುಟಸಂಖ್ಯೆಯನ್ನೂ ಸೂಚಿಸಿ ಉತ್ತರಿಸಬೇಕು. ಎಲ್ಲ ಸಲಹೆಗಳನ್ನೂ ಒಪ್ಪಬೇಕೆಂದಿಲ್ಲ. ‘ಈ ಪಾಠ ಮುದ್ರಿತ ಪಾಠಕ್ಕಿಂತ ಭಿನ್ನವಾಗಿದೆ, ಭ್ರಷ್ಟವಿರಬಹುದು’ ಎಂದು ವಿಮರ್ಶಕರು ಬರೆದರೆ, ಪಾಠಾಂತರ ಮೌಖಿಕ ಪರಂಪರೆಯ ಸಹಜ ಧರ್ಮವೆಂಬುದನ್ನು ಅದೇ ಗಾಯಕರ ಎರಡು ಪ್ರದರ್ಶನಗಳನ್ನು ಹೋಲಿಸಿ ತೋರಿಸಬಹುದು. ಆಧಾರಸಹಿತ ಭಿನ್ನಾಭಿಪ್ರಾಯವನ್ನು ಸಂಪಾದಕರು ಗೌರವಿಸುತ್ತಾರೆ. ಮೌನವನ್ನೂ ಕೋಪವನ್ನೂ ಗೌರವಿಸುವುದಿಲ್ಲ. ನಿರಾಕರಣೆಯೂ ಅಂತ್ಯವಲ್ಲ. ವರದಿಯಲ್ಲಿನ ಸಲಹೆಗಳನ್ನು ಅಳವಡಿಸಿಕೊಂಡು ಮತ್ತೊಂದು ಪತ್ರಿಕೆಗೆ ಸಲ್ಲಿಸಬಹುದು.

ಉಪಸಂಹಾರ

ತಜ್ಞವಿಮರ್ಶೆ ದೋಷರಹಿತವಲ್ಲ. ಅದು ನಿಧಾನವಾದುದು, ಪ್ರಾದೇಶಿಕ ಭಾಷೆಯನ್ನು ಅರಿಯದ ವಿಮರ್ಶಕರಿಂದ ಅನ್ಯಾಯವೂ ಆಗಬಹುದು. ಆದುದರಿಂದಲೇ ಕನ್ನಡದಲ್ಲಿಯೇ ಕಟ್ಟುನಿಟ್ಟಾದ ವಿಮರ್ಶಾಕ್ರಮವುಳ್ಳ ಪತ್ರಿಕೆಗಳು ಬೆಳೆಯಬೇಕಾಗಿದೆ, ಕನ್ನಡದ ವಿದ್ವಾಂಸರು ವಿಮರ್ಶಕರ ಹೊಣೆಯನ್ನೂ ಹೊರಬೇಕಾಗಿದೆ. ಇದರೊಂದಿಗೆ ನೆನಪಿಡಬೇಕಾದ ಮತ್ತೊಂದು ಮಾತಿದೆ. ಅನಾಮಿಕ ವಿಮರ್ಶಕರು ಲೇಖನದ ತರ್ಕವನ್ನು ಪರೀಕ್ಷಿಸಬಲ್ಲರು. ಪಾಠದ ಸತ್ಯವನ್ನು ಬಲ್ಲವರು ಅದನ್ನು ಹಾಡಿದವರು. ಸಲ್ಲಿಸುವ ಮುನ್ನ ಲೇಖನದ ತಿರುಳನ್ನು ಅವರಿಗೆ ಅವರ ನುಡಿಯಲ್ಲಿ ಓದಿಹೇಳುವುದು, ಪ್ರಕಟವಾದ ಮೇಲೆ ಒಂದು ಪ್ರತಿಯನ್ನೂ ಧ್ವನಿಮುದ್ರಣವನ್ನೂ ಅವರ ಮನೆಗೆ ತಲುಪಿಸುವುದು ಯಾವ ಪತ್ರಿಕೆಯ ನಿಯಮಾವಳಿಯೂ ಕೇಳದಿದ್ದರೂ ಸಂಶೋಧಕರು ಪಾಲಿಸಬೇಕಾದ ನಿಯಮ. ಹಿರಿಯ ಗಾಯಕರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿರುವ ಈ ಕಾಲದಲ್ಲಿ ಲೇಖನವನ್ನು ಮುಂದೂಡುವುದೆಂದರೆ, ತಪ್ಪನ್ನು ತಿದ್ದಬಲ್ಲ ಮೊದಲ ವಿಮರ್ಶಕರನ್ನೇ ಕಳೆದುಕೊಳ್ಳುವುದು.