ಗಟಾರಕ್ಕೂ ಕೆರೆಗೂ ನಡುವೆ ಒಂದು ಲಾವಂಚದ ಮಡಿ

ಸೊಲ್ಲಾಪುರದಲ್ಲಿ ಮಳೆ ಬರುವುದು ವರ್ಷಕ್ಕೆ ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ರಸ್ತೆಗಳ ಮೇಲೆ ಟೈರಿನ ಪುಡಿ, ಡೀಸೆಲ್ ಮಸಿ, ಎಂಜಿನ್ ಎಣ್ಣೆ, ಸಗಣಿ, ಧೂಳು ಕೂಡುತ್ತಲೇ ಇರುತ್ತವೆ. ರೋಹಿಣಿ, ಮೃಗಶಿರಾ ಮಳೆ ಹುಯ್ದೊಡನೆ ಅದೆಲ್ಲ ಕದಡಿ ಗಟಾರಕ್ಕೆ ಇಳಿಯುತ್ತದೆ. ಕೊಳೆ ಹೆಚ್ಚಾಗಿರುವುದು ಈ ಮೊದಲ ನೀರಿನಲ್ಲೇ. ಅದನ್ನು ತಡೆದು ಸೋಸಿ ಬಿಡುವ ಸರಳ ಯಂತ್ರವೊಂದಿದೆ. ಅದರ ಭಾಗಗಳು ಮರಳು, ಜಲ್ಲಿ ಮತ್ತು ಹುಲ್ಲು.

ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕಟ್ಟಿಸಿದ ಕೆರೆ ಇಂದಿಗೂ ಊರ ನಡುವೆ, ಕೋಟೆಯ ಮಗ್ಗುಲಲ್ಲಿದೆ. ಸುತ್ತ ಈಗ ಡಾಂಬರು, ಕಾಂಕ್ರೀಟು. ಇಂಥ ಕೆರೆಗೆ ನೀರು ಎಷ್ಟು ಮುಖ್ಯವೋ, ಅದು ಸೋಸಿ ಬರುವುದೂ ಅಷ್ಟೇ ಮುಖ್ಯ.

ಅದಕ್ಕಾಗಿ ರಸ್ತೆಗಿಂತ ತಗ್ಗಾಗಿ ಒಂದು ಮಡಿ ತೋಡುತ್ತಾರೆ. ಮೇಲೆ ಗೇಣುದ್ದ ನೀರು ನಿಲ್ಲುವಷ್ಟು ಜಾಗ, ಅದರ ಕೆಳಗೆ ಹುಲ್ಲು ನೆಟ್ಟ ಸುಮಾರು ಎರಡು ಅಡಿ ಮರಳುಮಣ್ಣು, ತಳದಲ್ಲಿ ಜಲ್ಲಿ, ಜಲ್ಲಿಯೊಳಗೆ ತೂತಿನ ಪೈಪು. ಹೂಳು ಮೇಲೆಯೇ ಉಳಿಯುತ್ತದೆ. ಟೈರಿನಿಂದ ಬಂದ ಸತುವು ಮಣ್ಣಿನ ಕಣಗಳಿಗೆ ಅಂಟುತ್ತದೆ. ಎಣ್ಣೆಯನ್ನು ಬೇರಿನ ಸುತ್ತ ನೆಲೆಸಿದ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ತಳದ ಜಲ್ಲಿಯಲ್ಲಿ ಸದಾ ನೀರು ನಿಂತಿದ್ದರೆ ಅಲ್ಲಿ ಆಮ್ಲಜನಕ ಇರುವುದಿಲ್ಲ. ಆಗ ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಗಿಡ ಬರಿಯ ಅಲಂಕಾರವಲ್ಲ. ಬೇರುಗಳು ಬೆಳೆದು, ಸತ್ತು, ಮತ್ತೆ ಬೆಳೆಯುವಾಗ ಮರಳಿನಲ್ಲಿ ದಾರಿ ಬಿಡುತ್ತವೆ. ಅವಿಲ್ಲದಿದ್ದರೆ ಮಡಿ ಬೇಗ ಕಟ್ಟಿಕೊಳ್ಳುತ್ತದೆ.

ಜೌಗಿನಲ್ಲಿ ಬೆಳೆಯುವ ಜೊಂಡಿಗೂ ನೀರನ್ನು ಸೋಸುವ ಈ ಶಕ್ತಿ ಇದೆಯೆಂದು 1950ರ ದಶಕದಲ್ಲೇ ಜರ್ಮನಿಯ ವಿಜ್ಞಾನಿ ಕೇಟೆ ಝೈಡೆಲ್ ಪ್ರಯೋಗಗಳಿಂದ ತೋರಿಸಿದ್ದರು. ಕನ್ನಡ ನಾಡಿನಲ್ಲಿ ಇದರ ಹತ್ತಿರದ ಉದಾಹರಣೆ ಬೆಂಗಳೂರಿನ ಜಕ್ಕೂರು ಕೆರೆ. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ಚರಂಡಿ ನೀರು ಜೊಂಡು ತುಂಬಿದ ಜೌಗನ್ನು ಹಾದು ಕೆರೆ ಸೇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಜೌಗನ್ನು ಅಭ್ಯಸಿಸಿ, ನೀರಿನ ಸಾರಜನಕ, ರಂಜಕಗಳು ತಗ್ಗುವುದನ್ನು ದಾಖಲಿಸಿದೆ.

ಆದರೆ ಜಕ್ಕೂರಿಗೆ ವರ್ಷವಿಡೀ ನೀರು ಬರುತ್ತದೆ. ಸೊಲ್ಲಾಪುರ, ಅದರ ಹತ್ತಿರದ ಅಕ್ಕಲಕೋಟೆಗಳಲ್ಲಿ ಹಾಗಲ್ಲ. ಇಲ್ಲಿಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ನೆನೆದರೆ ಉಬ್ಬಿ ನೀರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಇಲ್ಲಿ ತಳದ ಪೈಪು ಇರಲೇಬೇಕು. ಜೊಂಡಿನ ಬದಲು ಲಾವಂಚ ಒಳ್ಳೆಯದು. ಅದರ ಬೇರು ಎರಡು ಮೂರು ಮೀಟರ್ ಇಳಿಯುತ್ತದೆ, ಬರವನ್ನೂ ನಿಂತ ನೀರನ್ನೂ ತಾಳುತ್ತದೆ. ಒಣ ಊರಿಗೆ ಇದು ಹೊಂದದು ಎನ್ನುವವರು ಅಮೆರಿಕದ ಟೂಸಾನ್ ನಗರವನ್ನು ನೋಡಬೇಕು. ಸೊಲ್ಲಾಪುರಕ್ಕಿಂತ ಕಡಿಮೆ ಮಳೆಯ ಆ ಊರು, ಹೊಸ ರಸ್ತೆಗಳು ಮಳೆಯ ಮೊದಲ ಅರ್ಧ ಇಂಚು ನೀರನ್ನು ಬದಿಯ ತಗ್ಗುಗಳಿಗೆ ತಿರುಗಿಸಬೇಕೆಂದು 2013ರಲ್ಲಿ ನಿಯಮ ಮಾಡಿತು.

ಲೆಕ್ಕ ಕಷ್ಟದ್ದಲ್ಲ. ಒಂದು ಹೆಕ್ಟೇರ್ ಕಾಂಕ್ರೀಟಿನ ಮೇಲೆ 10 ಮಿಲಿಮೀಟರ್ ಮಳೆಯಾದರೆ 1 ಲಕ್ಷ ಲೀಟರ್ ನೀರು. 25 ಸೆಂಟಿಮೀಟರ್ ತಗ್ಗಿನ 400 ಚದರ ಮೀಟರ್ ಮಡಿಗೆ ಅಷ್ಟೂ ಹಿಡಿಯುತ್ತದೆ. ಅಂದರೆ ನೂರಕ್ಕೆ ನಾಲ್ಕು ಪಾಲು ಜಾಗ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ವಾಹನಗಳು ನಿಲ್ಲುವ ಅಕ್ಕಲಕೋಟೆಯ ಬಯಲುಗಳ ಅಂಚಿನಲ್ಲಿ ಇಷ್ಟು ಜಾಗ ಬಿಡುವುದು ಅಸಾಧ್ಯವೇನಲ್ಲ.

ಮಹಾಪೂರಕ್ಕೆ ಇದು ಮದ್ದಲ್ಲ. 2020ರ ಅಕ್ಟೋಬರಿನಲ್ಲಿ ಬೋರಿ ನದಿ ಉಕ್ಕಿ ಅಕ್ಕಲಕೋಟೆ ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗ ಸುರಿದಂಥ ಮಳೆಗೆ ಬೇರೆಯೇ ಏರ್ಪಾಡು ಬೇಕು. ಮಡಿಯ ಕೆಲಸ ದಿನನಿತ್ಯದ ಸಣ್ಣ ಮಳೆಗಳದ್ದು. ಅದಕ್ಕೂ ಆರೈಕೆ ಬೇಕು: ಮುಂಗಾರಿಗೆ ಮುನ್ನ ಮೇಲಿನ ಎರಡು ಬೆರಳಷ್ಟು ಹೂಳನ್ನು ಕೆರೆದು ತೆಗೆಯಬೇಕು. ಲೋಹದ ಅಂಶ ಉಳಿದಿರುವುದು ಅದರಲ್ಲೇ, ಹಾಗಾಗಿ ಆ ಹೂಳನ್ನು ಜೋಳದ ಹೊಲಕ್ಕೆ ಹಾಕಕೂಡದು.